ಡಿಕ್ಕಿಯಲ್ಲಿ ಬೀಗರು

ಹೊಂಗನೂರಿನ ಅನಂತರಾಜು ಬಿಡದಿಯಲ್ಲಿ ಕಾರು ತಯಾರಿಸುತ್ತಾನೆ ಎಂದು ಊರು ನಂಬಿತ್ತು. ಇದರಲ್ಲಿ ಬಿಡದಿ ಎಂಬುದು ಮಾತ್ರ ಪೂರ್ತಿ ನಿಜ. ಕಾರು ತಯಾರಾಗುವ ದೊಡ್ಡ ಕಾರ್ಖಾನೆಯಿಂದ ಒಂದೂವರೆ ಕಿಲೋಮೀಟರ್ ಆಚೆ, ತಗಡಿನ ಛಾವಣಿಯ ಒಂದು ಶೆಡ್ಡಿನಲ್ಲಿ, ಕಾರಿನ ಬಾಗಿಲಿನ ಅಂಚಿಗೆ ಕೂರಿಸುವ ರಬ್ಬರ್ ಪಟ್ಟಿಗಳು ತಯಾರಾಗುತ್ತಿದ್ದವು. ಅನಂತರಾಜು ಆ ಪಟ್ಟಿಗಳ ಉದ್ದ ಅಳೆಯುತ್ತಿದ್ದ. ಎಂಟು ವರ್ಷದಿಂದ ಅಳೆಯುತ್ತಿದ್ದ. ಮೂರು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಪಟ್ಟಿಯನ್ನು ಪಕ್ಕಕ್ಕೆ ಎಸೆಯುತ್ತಿದ್ದ. ಕಾರಿನ ಉಳಿದ ಭಾಗಗಳ ಬಗ್ಗೆ ಅವನಿಗಿದ್ದ ತಿಳಿವಳಿಕೆ, ಬಸ್ಸಿನ ಕಿಟಕಿಯಲ್ಲಿ ಕೂತು ಕಾರು ನೋಡುವವರಿಗೆ ಇರುವಷ್ಟೇ.

ಅವನು ಸುಳ್ಳು ಹೇಳಿದವನಲ್ಲ. ಯಾರಾದರೂ "ಕಾರ್ ಫ್ಯಾಕ್ಟ್ರೀಲಿ ಏನ್ ಕೆಲ್ಸ?" ಎಂದರೆ "ಕ್ವಾಲಿಟಿ" ಎಂದು ಸುಮ್ಮನಾಗುತ್ತಿದ್ದ. ಮಿಕ್ಕದ್ದನ್ನು ಕೇಳಿದವರೇ ತುಂಬಿಕೊಳ್ಳುತ್ತಿದ್ದರು. ಎಲ್ಲರಿಗಿಂತ ಧಾರಾಳವಾಗಿ ತುಂಬಿಕೊಂಡವರು ಅವನ ಮಾವ, ಚನ್ನಪಟ್ಟಣದ ರಾಮಲಿಂಗಯ್ಯ. ಅವರ ಬಾಯಲ್ಲಿ ಅಳಿಯ ಮೊದಲ ವರ್ಷ ಸೂಪರ್‌ವೈಸರ್ ಆದ, ಮೂರನೆಯ ವರ್ಷಕ್ಕೆ ಇಂಜಿನಿಯರ್ ಆದ. ಈ ಎರಡೂ ಬಡ್ತಿಗಳ ವಿಷಯ ಅನಂತರಾಜುವಿಗೆ ತಿಳಿದದ್ದು ಬೇರೆಯವರಿಂದ.

2006ರ ಫೆಬ್ರವರಿಯಲ್ಲಿ ಅವನು ಬೆಂಗಳೂರಿನ ಬ್ರೋಕರ್ ಒಬ್ಬನಿಂದ ಹಳೆಯ ಕಾರೊಂದನ್ನು ತಂದ. ಒಂಬತ್ತು ವರ್ಷ ಓಡಿದ, ಬಿಳಿ ಬಣ್ಣದ, ಹಿಂದೆ ದೊಡ್ಡ ಡಿಕ್ಕಿ ಇದ್ದ ಕಾರು. ರೇಡಿಯೊ ಇರಬೇಕಾದ ಜಾಗದಲ್ಲಿ ಒಂದು ತೂತು ಇತ್ತು. ಡಿಕ್ಕಿಯ ಸುತ್ತಲಿನ ರಬ್ಬರ್ ಸವೆದು ಒಳಗೆ ಧೂಳು ಬರುತ್ತಿತ್ತು. ಕಾರಿನ ವಿಷಯದಲ್ಲಿ ತನಗೆ ತಿಳಿದದ್ದನ್ನು ಮಾಡಿ ತೋರಿಸಲು ಅನಂತರಾಜುವಿಗೆ ಸಿಕ್ಕ ಏಕೈಕ ಅವಕಾಶ ಅದು. ಮೊದಲ ಭಾನುವಾರವೇ, ಶೆಡ್ಡಿನಲ್ಲಿ ಪಕ್ಕಕ್ಕೆ ಎಸೆದಿದ್ದ ಒಂದು ದಪ್ಪ ಪಟ್ಟಿಯನ್ನು ತಂದು ಡಿಕ್ಕಿಯ ಸುತ್ತ ಕೂರಿಸಿದ. ಅದು ಯಾವುದೋ ವ್ಯಾನಿನ ಬಾಗಿಲಿಗೆಂದು ಮಾಡಿದ್ದ ಪಟ್ಟಿ. ಆಮೇಲೆ ಡಿಕ್ಕಿ ಮುಚ್ಚಲು ಎರಡು ಕೈ ಬೇಕಾಯಿತು. ಅನಂತರಾಜು ಇದನ್ನು ಗುಣಮಟ್ಟದ ಲಕ್ಷಣ ಎಂದು ತಿಳಿದ.

ಬುಧವಾರ ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಕೀಲಿ ತಿರುಗಿಸಿದರೆ ಗೋಡೆ ಗಡಿಯಾರದಂತೆ 'ಟಿಕ್' ಎಂದಿತು. ಮತ್ತೆ ತಿರುಗಿಸಿದರೆ ಮತ್ತೆ 'ಟಿಕ್'. ಎದುರು ಮನೆಯ ಬೈರೇಶ್ ತನ್ನ ಹಾಲಿನ ಟೆಂಪೊ ತೊಳೆಯುವುದನ್ನು ಬಿಟ್ಟು ಬಂದ.

"ಯಾಕಣ್ಣ, ಏನಾಯ್ತು?"

ಈ ಪ್ರಶ್ನೆಗೆ ಸರಿಯಾದ ಉತ್ತರ 'ಗೊತ್ತಿಲ್ಲ' ಎಂಬುದಾಗಿತ್ತು. ಆದರೆ ಅಷ್ಟರಲ್ಲಿ ಅರಳಿಕಟ್ಟೆಯಿಂದ ಇನ್ನೂ ಆರು ಜನ ಎದ್ದು ಬಂದಿದ್ದರು. ಇಂಜಿನಿಯರ್ ಏನು ಹೇಳುತ್ತಾನೆಂದು ಎಲ್ಲರೂ ಕಾದರು.

"ಏನೂ ಆಗಿಲ್ಲ ಕಣ್ಲಾ," ಎಂದ ಅನಂತರಾಜು. "ವಾರಕ್ಕೆ ಎರಡು ಸಲ ತಳ್ಳಿ ಸ್ಟಾರ್ಟ್ ಮಾಡ್ಬೇಕು. ಇಂಜಿನ್ ಒಳಗೆ ಎಲ್ಲಾ ಸರಿಯಾಗಿ ಕೂತ್ಕತದೆ. ನಮ್ ಕಂಪ್ನೀಲಿ ಹಂಗೇ ಮಾಡದು."

"ಹೌದಾ! ಶೋರೂಮ್‌ನೋರು ನಮಗೆ ಹೇಳ್ಳೇ ಇಲ್ವಲ್ಲ?"

"ಹೇಳಿದ್ರೆ ಅವ್ರ ಸರ್ವೀಸು ಸ್ಟೇಷನ್ ನಡೆಯದೆಂಗ್ಲಾ?"

ಈ ವಾದದಲ್ಲಿ ಹುಳುಕು ಯಾರಿಗೂ ಕಾಣಲಿಲ್ಲ. ಏಳು ಜನ ತಳ್ಳಿದರು, ಕಾರು ಸ್ಟಾರ್ಟ್ ಆಯಿತು. ಮುಂದಿನ ಸೋಮವಾರ ಬೈರೇಶ್ ತನ್ನ ಹೊಸ ಟೆಂಪೊವನ್ನೂ ತಳ್ಳಿಸಿ ಸ್ಟಾರ್ಟ್ ಮಾಡಿದ. ಅದಕ್ಕೆ ಏನೂ ಆಗಿರಲಿಲ್ಲ. ಒಳಗೆ ನಲವತ್ತು ಲೀಟರಿನ ಹನ್ನೆರಡು ಹಾಲಿನ ಕ್ಯಾನುಗಳಿದ್ದವು. ಮಾರ್ಚ್ ಹೊತ್ತಿಗೆ ಹೊಂಗನೂರಿನಲ್ಲಿ ಎರಡು ಟ್ರಾಕ್ಟರ್, ಮೂರು ಆಟೊ, ಒಂದು ಟೆಂಪೊ ಯಾವ ಕಾರಣವೂ ಇಲ್ಲದೆ ತಳ್ಳಿಸಿಕೊಂಡು ಹೊರಡುತ್ತಿದ್ದವು.

ಅನಂತರಾಜು ಕೆಲಸಕ್ಕೆ ಕಂಪನಿ ಬಸ್ಸಿನಲ್ಲಿ ಹೋಗುತ್ತಿದ್ದುದರಿಂದ ಕಾರು ಎರಡು ಮೂರು ದಿನ ಮನೆ ಮುಂದೆ ನಿಂತಿರುತ್ತಿತ್ತು. ನಿಂತಾಗಲೆಲ್ಲ ಬ್ಯಾಟರಿ ಬರಿದಾಗುತ್ತಿತ್ತು. ಮೂರು ಸಲ ಅದನ್ನು ಬಿಚ್ಚಿ ಚನ್ನಪಟ್ಟಣದ ಆಟೊ ಎಲೆಕ್ಟ್ರಿಷಿಯನ್ ನಜೀರ್ ಬಳಿ ಚಾರ್ಜಿಗೆ ಕೊಟ್ಟ. ಮೂರನೆಯ ಸಲ ನಜೀರ್ ತಲೆಯಾಡಿಸಿದ.

"ಬ್ಯಾಟರಿ ತಪ್ಪಲ್ಲ ಸಾರ್ ಇದು. ಗಾಡಿ ನಿಂತಿರುವಾಗ ಒಳಗೆ ಏನೋ ಒಂದು ಕರೆಂಟ್ ಕುಡೀತಾ ಐತೆ. ಗಾಡೀನೇ ತಗೊಂಡ್ ಬನ್ನಿ. ಎಲ್ಲಾ ಆಫ್ ಮಾಡಿ, ಮೀಟರ್ ಹಾಕಿ, ಒಂದೊಂದೇ ಫ್ಯೂಸ್ ತೆಗೀತಾ ಹೋದ್ರೆ ಅರ್ಧ ದಿನದಲ್ಲಿ ಸಿಕ್ಕಾಕ್ಕೊತದೆ." ಆಮೇಲೆ ನಾಲಿಗೆ ಕಚ್ಚಿಕೊಂಡ. "ನಿಮಗೆ ನಾನೇನ್ ಹೇಳೋದು ಸಾರ್, ನೀವು ಕಂಪ್ನಿಯೋರು."

ನಜೀರ್ ಆ ಕೊನೆಯ ಮಾತು ಆಡದೆ ಇದ್ದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಅನಂತರಾಜು ಗಂಭೀರವಾಗಿ "ನಾನೇ ಮನೇಲಿ ನೋಡ್ಕತೀನಿ ಬುಡಪ್ಪ" ಎಂದು ಬ್ಯಾಟರಿ ಎತ್ತಿಕೊಂಡು ಬಂದ. ಮನೆಯಲ್ಲಿ ಬಾನೆಟ್ ಎತ್ತಿ ಅರ್ಧ ಗಂಟೆ ನೋಡಿದ. ನೋಡುವುದಷ್ಟನ್ನೇ ಮಾಡಿದ.

ಏಪ್ರಿಲ್ ಎರಡನೆಯ ವಾರದಲ್ಲಿ ಅವನ ಹೆಂಡತಿ ಜಯರತ್ನ ತವರಿನಿಂದ ಸುದ್ದಿ ತಂದಳು. ಅವಳ ತಂಗಿ ನವ್ಯಶ್ರೀಗೆ ಕನಕಪುರದ ಗಂಡು ಹೆಚ್ಚುಕಡಿಮೆ ಒಪ್ಪಿಗೆಯಾಗಿತ್ತು. ಹುಡುಗ ಮನೋಹರ್, ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪರ್ಮನೆಂಟ್ ನೌಕರ. ಗಂಡಿನ ಕಡೆಯವರು ಹೆಣ್ಣು ನೋಡಿ ಹೋಗಿದ್ದರು. ಈಗ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಿ ಬರುವ ಶಾಸ್ತ್ರ ಬಾಕಿ.

"ಹುಡುಗನ ಅಪ್ಪ ದೊಡ್ಡಹನುಮಯ್ಯ ಅಂತ," ಎಂದಳು ಜಯರತ್ನ. "ಮೂವತ್ತೊಂದು ವರ್ಷ ಕರೆಂಟ್ ಮೀಟರ್ ಓದಿ ರಿಟೈರ್ ಆಗವ್ರೆ. ಸುಳ್ಳು ಅಂದ್ರೆ ಆಗಕ್ಕಿಲ್ವಂತೆ. ಮೂರು ಎಕರೆ ಅಂದೋರ ಪಹಣಿ ತೆಗ್ಸಿ ನೋಡುದ್ರಂತೆ, ಎರಡು ಎಕರೆ ಮೂವತ್ತು ಗುಂಟೆ ಇತ್ತಂತೆ. ಹತ್ತು ಗುಂಟೆಗೆ ಸಂಬಂಧ ಮುರುದ್ರಂತೆ."

"ಒಳ್ಳೇದಾಯ್ತು. ನಾವು ಸುಳ್ಳು ಹೇಳಿಲ್ವಲ್ಲ."

"ಅಪ್ಪ ನಿಮ್ಮನ್ನ ಇಂಜಿನಿಯರ್ ಅಂದವ್ರೆ ಕಣ್ರೀ."

ಅನಂತರಾಜು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ.

"ಏಳು ಗಂಡು ಬೇಡ ಅಂದೋಳು, ಇದೊಂದಕ್ಕೆ ಹೂಂ ಅಂದವ್ಳೆ," ಎಂದಳು ಜಯರತ್ನ. "ನಿಮ್ಮಿಂದ ಏನಾರ ಹೆಚ್ಚುಕಮ್ಮಿ ಆದ್ರೆ ನಾನು ತವರಿಗೆ ಯಾವ ಮುಖ ಇಟ್ಕೊಂಡ್ ಹೋಗ್ಲಿ? ಶುಕ್ರವಾರ ಎಲ್ರೂ ನಿಮ್ ಕಾರಲ್ಲೇ ಹೋಗದಂತೆ."

ಶುಕ್ರವಾರ ಏಳು ಜನ ತಳ್ಳಿ ಬೀಳ್ಕೊಟ್ಟರು. ರಾಮಲಿಂಗಯ್ಯ ಮುಂದಿನ ಸೀಟಿನಲ್ಲಿ, ಜಯರತ್ನ ಮತ್ತು ಅತ್ತೆ ವೆಂಕಟಲಕ್ಷ್ಮಮ್ಮ ಹಿಂದಿನ ಸೀಟಿನಲ್ಲಿ, ಹಣ್ಣಿನ ಬುಟ್ಟಿ ಡಿಕ್ಕಿಯಲ್ಲಿ. ಸಾತನೂರಿನ ಮೇಲೆ ಕನಕಪುರ ಸೇರಿದಾಗ ಹನ್ನೊಂದು ಗಂಟೆ. ಒಂದು ಗಂಟೆ ಓಡಿದ ಕಾರಿನ ಬ್ಯಾಟರಿ ತುಂಬಿರಬೇಕು ಎಂದು ಓದುಗರು ಭಾವಿಸಬಹುದು. ಹತ್ತಾರು ಸಲ ಪೂರ್ತಿ ಬರಿದಾದ ಬ್ಯಾಟರಿ ತೂತಾದ ಕೊಡದ ಹಾಗೆ. ಎಷ್ಟು ಸುರಿದರೂ ತಳದಲ್ಲಿ ನಾಲ್ಕು ಲೋಟ.

ಇದು ಅನಂತರಾಜುವಿಗೆ ಅನುಭವದಿಂದ ಗೊತ್ತಿತ್ತು. ಹಾಗಾಗಿ ಬೀದಿಯ ಇಳಿಜಾರು ನೋಡಿ, ಮೂತಿ ಕೆಳಗೆ ಮಾಡಿ ಕಾರು ನಿಲ್ಲಿಸಿದ. ಹೊರಡುವಾಗ ಬ್ರೇಕ್ ಬಿಟ್ಟರೆ ಸಾಕು. ಆದರೆ ದೊಡ್ಡಹನುಮಯ್ಯ ಗೇಟು ತೆರೆದು ಹಿಡಿದಿದ್ದರು. ತೆಳ್ಳಗೆ, ನೆಟ್ಟಗೆ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ಮನುಷ್ಯ.

"ಒಳಗೆ ತನ್ನಿ ಇಂಜಿನಿಯರ್ರೇ. ಬಿಸಿಲಲ್ಲಿ ಯಾಕೆ?"

"ಇರ್ಲಿ ಬುಡಿ ಯಜಮಾನ್ರೇ, ಕಾರಿಗೆ ಬಿಸಿಲು ಒಳ್ಳೇದು."

"ಅದೆಂಗೆ ಒಳ್ಳೇದು?"

ಇದು ಬರಿಯ ಉಪಚಾರದ ಪ್ರಶ್ನೆಯಲ್ಲ, ಮಾಹಿತಿಗಾಗಿ ಕೇಳಿದ ಪ್ರಶ್ನೆ ಎಂಬುದು ಅವರ ಮುಖದಲ್ಲೇ ಇತ್ತು. ಅನಂತರಾಜು ಕಾರನ್ನು ಒಳಗೆ ತಂದು ಹಲಸಿನ ಮರದಡಿ, ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹಣ್ಣಿನ ಬುಟ್ಟಿ ಇಳಿಸಿ, ಡಿಕ್ಕಿಯನ್ನು ಎರಡು ಕೈಯಲ್ಲಿ ಗುದ್ದಿ ಮುಚ್ಚಿದ.

ಶಾಸ್ತ್ರ ಚೆನ್ನಾಗಿಯೇ ನಡೆಯಿತು. ಹೆಂಗಸರು ಅಡುಗೆಮನೆ, ನೀರಿನ ತೊಟ್ಟಿ, ದೇವರ ಗೂಡು ನೋಡಿ ತಲೆದೂಗಿದರು. ಊಟಕ್ಕೆ ಒಬ್ಬಟ್ಟು ಇತ್ತು. ಮನೋಹರ್ ಮೌನವಾಗಿ ಬಡಿಸಿದ. ನಾಲ್ಕು ಗಂಟೆಗೆ ಎಲೆ ಅಡಿಕೆ ಹಿಡಿದು ಎಲ್ಲರೂ ಅಂಗಳಕ್ಕೆ ಬಂದರು. "ದಿನ ಗೊತ್ತು ಮಾಡಿ ಹೇಳಿ ಕಳುಸ್ತೀವಿ," ಎಂದರು ದೊಡ್ಡಹನುಮಯ್ಯ. ರಾಮಲಿಂಗಯ್ಯ ಗೆದ್ದ ಮುಖದಲ್ಲಿ ಕಾರು ಹತ್ತಿದರು. ಅನಂತರಾಜು ಕೀಲಿ ತಿರುಗಿಸಿದ.

ಟಿಕ್.

"ಇನ್ನೊಂದ್ಸಲ ತಿರುಗ್ಸಿ," ಎಂದರು ದೊಡ್ಡಹನುಮಯ್ಯ.

ಟಿಕ್.

"ಇದು ತಳ್ಳಿ ಸ್ಟಾರ್ಟ್ ಮಾಡೋ ಗಾಡಿ," ಎಂದರು ರಾಮಲಿಂಗಯ್ಯ ಅಳಿಯನ ನೆರವಿಗೆ ಬಂದು. "ಇಂಜಿನ್ ಒಳಗೆ ಎಲ್ಲಾ ಸರಿಯಾಗಿ ಕೂತ್ಕತದಂತೆ. ಕಂಪ್ನಿ ಪದ್ಧತಿ."

ದೊಡ್ಡಹನುಮಯ್ಯ ಪೆನ್ಸಿಲನ್ನು ಕಿವಿಯಿಂದ ತೆಗೆದು ನೋಡಿ ಮತ್ತೆ ಸಿಕ್ಕಿಸಿಕೊಂಡರು. "ಬೆಳಿಗ್ಗೆ ಕೀಲಿಯಲ್ಲಿ ಆಫ್ ಆದ ಗಾಡಿ. ಐದು ಗಂಟೆ ನಿಂತಿತ್ತು. ಯಾರೂ ಏನೂ ಬಳಸಿಲ್ಲ. ಬಳಸ್ದೆ ಕರೆಂಟು ಖರ್ಚಾಗಲ್ಲ, ಇಂಜಿನಿಯರ್ರೇ. ಮೂವತ್ತೊಂದು ವರ್ಷದಲ್ಲಿ ನಾನು ಹಂಗೆ ಒಂದ್ಸಲಾನೂ ನೋಡಿಲ್ಲ. ಒಳಗೆ ಕಳ್ಳ ಅವ್ನೆ."

ನಿವೃತ್ತರಾಗಿ ಎರಡು ವರ್ಷ ಒಬ್ಬ ಕರೆಂಟ್ ಕಳ್ಳನನ್ನೂ ಕಾಣದೆ ಇದ್ದವರ ಕಣ್ಣು ಆಗ ಹೊಳೆದ ರೀತಿ ನೋಡಬೇಕಿತ್ತು. ಮಗನನ್ನು ಕಳಿಸಿ ಸ್ಪ್ಯಾನರು, ಎರಡು ತುಂಡು ವೈರು, ಹಳೆಯ ಸ್ಕೂಟರಿನ ಒಂದು ಬಲ್ಬು ತರಿಸಿದರು. ಬ್ಯಾಟರಿಯ ಒಂದು ತಲೆ ಬಿಚ್ಚಿ, ತಲೆಗೂ ವೈರಿಗೂ ನಡುವೆ ಬಲ್ಬು ಕೂರಿಸಿದರು. ಬಾಗಿಲುಗಳೆಲ್ಲ ಮುಚ್ಚಿದ್ದವು, ಕೀಲಿ ಅನಂತರಾಜುವಿನ ಜೇಬಿನಲ್ಲಿತ್ತು. ಆದರೂ ಬಲ್ಬು ಮಂಕಾಗಿ ಹತ್ತಿಕೊಂಡಿತು.

"ನೋಡುದ್ರಾ! ಮನೆಯೋರೆಲ್ಲ ಮಲಗವ್ರೆ, ಮೀಟರ್ ಓಡ್ತಾ ಐತೆ!"

ಆಮೇಲೆ ಒಂದೊಂದೇ ಫ್ಯೂಸ್ ಎಳೆದರು. ಮೊದಲನೆಯದು ಎಳೆದಾಗ ಬಲ್ಬು ಉರಿಯುತ್ತಲೇ ಇತ್ತು. ಎರಡನೆಯದಕ್ಕೂ ಉರಿಯಿತು. ಐದನೆಯದಕ್ಕೆ ಆರಿತು. ಅಂಗಳದಲ್ಲಿ ಸೇರಿದ್ದ ಅಕ್ಕಪಕ್ಕದವರು ಚಪ್ಪಾಳೆ ತಟ್ಟಿದರು. ಫ್ಯೂಸಿನ ಮುಚ್ಚಳದ ಮೇಲಿದ್ದ ಪಟ್ಟಿಯನ್ನು ದೊಡ್ಡಹನುಮಯ್ಯ ಕನ್ನಡಕ ಏರಿಸಿ ಓದಿದರು. ಹಾರ್ನ್, ರೇಡಿಯೊ, ಒಳಗಿನ ದೀಪ, ಡಿಕ್ಕಿಯ ದೀಪ.

"ಹಾರ್ನ್ ಕೂಗ್ತಾ ಇಲ್ಲ. ರೇಡಿಯೊ ಇಲ್ಲವೇ ಇಲ್ಲ. ಒಳಗಿನ ದೀಪ ಆರೈತೆ, ಗಾಜಲ್ಲಿ ಕಾಣ್ತದೆ. ಉಳಿದೋನು ಒಬ್ನೇ." ಡಿಕ್ಕಿಯತ್ತ ಬೆರಳು ತೋರಿಸಿದರು. "ಮುಚ್ಚಿದ್ರೆ ಆರ್ಬೇಕು. ಆರ್ತಾ ಇಲ್ಲ."

"ಹಂಗಾದ್ರೆ ಸಿಕ್ತಲ್ಲ, ಆ ಬಲ್ಬ್ ಕಿತ್ತಾಕ್ಬುಡಾನ," ಎಂದ ಅನಂತರಾಜು, ಸಂಕಟ ಕಳೆಯಿತೆಂದು.

"ಅದೆಂಗಾಯ್ತದೆ? ನಾನು ಕಣ್ಣಾರೆ ನೋಡ್ದೆ ಯಾವತ್ತೂ ರಿಪೋರ್ಟ್ ಬರೆದೋನಲ್ಲ. ವೈರು, ಫ್ಯೂಸು ಮೊದಲಿನಂಗೆ ಹಾಕಿ. ನಾನು ಒಳಗೆ ಕೂರ್ತೀನಿ, ಮುಚ್ಚಿ."

"ನೀವ್ಯಾಕೆ ಯಜಮಾನ್ರೇ, ನಾನೇ ಕೂರ್ತೀನಿ!"

"ಕಳ್ಳ ನಿಮ್ ಮನೆಯೋನು. ನಿಮ್ ಸಾಕ್ಷಿ ನಡೆಯಲ್ಲ."

ಹೆಂಡತಿ, ಮಗ, ಬೀಗರಾಗಲಿರುವವರು, ಬೀದಿಯವರು ಎಲ್ಲರೂ ಬೇಡವೆಂದರು. ದೊಡ್ಡಹನುಮಯ್ಯ ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಹೊರಗೆ ಬಿಟ್ಟು, ಡಿಕ್ಕಿಯೊಳಗೆ ಮಂಡಿ ಮಡಿಸಿ ಮಲಗಿದರು. ರಾಮಲಿಂಗಯ್ಯ, ಭಾವೀ ಬೀಗರ ಸೇವೆಯಲ್ಲಿ ಕೊರತೆಯಾಗಬಾರದೆಂದು, ಮೈಯ ಭಾರವನ್ನೆಲ್ಲ ಹಾಕಿ ಮುಚ್ಚಿದರು.

ಆಮೇಲೆ ಒಳಗಿನಿಂದ ಜಯಘೋಷ: "ಉರೀತೈತೆ! ಹತ್ತು ವ್ಯಾಟ್!"

ಮತ್ತೆ ಚಪ್ಪಾಳೆ. ಅನಂತರಾಜು ಕೀಲಿ ಹಾಕಿ ತಿರುಗಿಸಿದ. ತಿರುಗಲಿಲ್ಲ. ರಾಮಲಿಂಗಯ್ಯ ತಿರುಗಿಸಿದರು, ಮನೋಹರ್ ತಿರುಗಿಸಿದ, ಚಪ್ಪಾಳೆ ತಟ್ಟಿದವರಲ್ಲಿ ನಾಲ್ವರು ತಿರುಗಿಸಿದರು. ಬೀಗ ಕಲ್ಲಾಗಿತ್ತು.

"ಯಾಕೆ ತಡ?" ಎಂದಿತು ಡಿಕ್ಕಿ.

ಬಸ್ ನಿಲ್ದಾಣದ ಪಕ್ಕ ಒಬ್ಬ ಮೆಕ್ಯಾನಿಕ್ ಇದ್ದಾನೆ, ಅವನ ಬಳಿಗೆ ಹೋಗುವುದೇ ದಾರಿ ಎಂದು ತೀರ್ಮಾನವಾಯಿತು. ಜಯರತ್ನ ಗಂಡನನ್ನು ಒಂದು ಸಲ ನೋಡಿದಳು. ಬೀದಿಯವರು ಕಾರನ್ನು ಗೇಟಿನಾಚೆ ತಳ್ಳಿದರು. ಇಳಿಜಾರಿನಲ್ಲಿ ಇಂಜಿನ್ ಹಿಡಿದುಕೊಂಡಿತು. ಅನಂತರಾಜು ಸ್ಟಿಯರಿಂಗ್‌ನಲ್ಲಿ, ಪಕ್ಕದಲ್ಲಿ ರಾಮಲಿಂಗಯ್ಯ, ಹಿಂದೆ ಮನೋಹರ್, ಅದಕ್ಕೂ ಹಿಂದೆ ಮನೋಹರನ ತಂದೆ.

ವೃತ್ತದ ಬಳಿ ರಸ್ತೆ ಉಬ್ಬಿನ ಮೇಲೆ ಕಾರು ಹಾರಿತು.

"ನಿಧಾನಕ್ಕೆ ಹೋಗ್ರಯ್ಯ! ಕೊಲ್ತೀರಾ?" ಎಂದು ಡಿಕ್ಕಿ ಕೂಗಿತು.

ವೃತ್ತದಲ್ಲಿ ನಿಂತಿದ್ದ ಪೇದೆ ಗೌಸ್ ಕೈ ಅಡ್ಡ ಹಿಡಿದರು. "ಇಂಜಿನ್ ಆಫ್ ಮಾಡು. ಇಳಿ ಕೆಳಗೆ. ಡಿಕ್ಕೀಲಿ ಯಾರು?"

ರಾಮಲಿಂಗಯ್ಯ ಇಳಿದು ಕೈಮುಗಿದರು. "ನಮ್ ಬೀಗ್ರು ಸ್ವಾಮಿ."

"ಬೀಗ್ರುನ್ನ ಡಿಕ್ಕೀಲಿ ಹಾಕ್ಕೊಂಡ್ ಹೋಯ್ತಿದ್ದೀರಾ?"

"ಇನ್ನೂ ಬೀಗ್ರು ಆಗಿಲ್ಲ. ಆಗೋರು."

"ಒಪ್ಕೊಳ್ಳಿ ಅಂತ ಹಾಕಿದ್ದೀರಾ?"

"ಅವ್ರೇ ಹತ್ತಿ ಮಲಗಿದ್ರು ಸ್ವಾಮಿ, ದೇವ್ರಾಣೆ!"

ಗೌಸ್ ಹಿಂದಿನ ಸೀಟಿಗೆ ಬಗ್ಗಿ ನೋಡಿದರು. "ನೀನ್ಯಾರಪ್ಪ?"

"ಒಳಗಿರೋರ ಮಗ ಸಾರ್."

"ಅಪ್ಪನ್ನ ಡಿಕ್ಕೀಲಿ ಹಾಕಿ ನೀನು ಸೀಟಲ್ಲಿ ಕೂತಿದ್ದೀಯಾ?"

"ಯಾರದು, ಗೌಸ್ ಅಲ್ವಾ?" ಎಂದಿತು ಡಿಕ್ಕಿ. "ನಾನು ಕಣಯ್ಯ, ಮೀಟರ್ ದೊಡ್ಡಹನುಮಯ್ಯ."

ಗೌಸ್ ಟೋಪಿ ತೆಗೆದರು. "ತೊಂಬತ್ತೆಂಟರಲ್ಲಿ ನಮ್ ಮಾವನ ಹಿಟ್ಟಿನ ಗಿರಣಿಗೆ ಬಂದಿದ್ರಲ್ಲ, ಅದೇ ಹನುಮಯ್ಯನೋರಾ?"

"ಹೂಂ. ಮೂರು ಎಚ್‌ಪಿ ಅಂತ ಬರ್ಸಿ ಐದು ಎಚ್‌ಪಿ ಓಡುಸ್ತಿದ್ದ."

"ಸರಿ," ಎಂದರು ಗೌಸ್ ಟೋಪಿ ಮತ್ತೆ ಹಾಕಿಕೊಂಡು, ಕಾರಿಗೆ ಒರಗಿ ನಿಂತು. "ಈ ವಿಚಾರಣೆ ಒಸಿ ನಿಧಾನಕ್ಕೆ ಮಾಡ್ಬೇಕಾಯ್ತದೆ."

ಅಷ್ಟರಲ್ಲಿ ನೂರು ಜನ ಸೇರಿದ್ದರು. ಹಿಂದೆ ಒಂದು ಬಸ್ಸು ನಿಂತು ಹಾರ್ನ್ ಹೊಡೆಯುತ್ತಿತ್ತು. ಮೆಕ್ಯಾನಿಕ್‌ನನ್ನು ಕರೆಯಲು ಹೋದವನು ಅಂಗಡಿಗೆ ಬೀಗ ಬಿದ್ದಿದೆ ಎಂಬ ಸುದ್ದಿ ತಂದ.

"ಮೆಕ್ಯಾನಿಕ್ ಯಾಕ್ರೀ?" ಎಂದರು ದೊಡ್ಡಹನುಮಯ್ಯ ಒಳಗಿನಿಂದ. "ಇಂಜಿನಿಯರ್ ಅಲ್ಲೇ ಅವ್ರಲ್ಲ. ಕಾರು ಕಟ್ಟೋರಿಗೆ ಒಂದು ಡಿಕ್ಕಿ ತೆಗೆಯಕ್ಕೆ ಬರಾಕಿಲ್ವಾ?"

ನೂರು ತಲೆಗಳು ಅನಂತರಾಜುವಿನ ಕಡೆ ತಿರುಗಿದವು. ರಾಮಲಿಂಗಯ್ಯ ಕಣ್ಣಲ್ಲೇ ಬೇಡಿಕೊಂಡರು. ಏನಾದರೂ ಹೇಳು, ಇಂಜಿನ್ ಕೂತ್ಕತದೆ ಅಂದ ಹಾಗೆ ಏನಾದರೂ ಹೇಳು. ಅನಂತರಾಜುವಿಗೆ ಎರಡು ಮೂರು ಮಾತು ತೋಚಿದವು ಕೂಡ. ಆದರೆ ಒಳಗಿನಿಂದ ಒಂದು ಕೆಮ್ಮು ಕೇಳಿಸಿತು. ಅರವತ್ತು ವರ್ಷದ ಕೆಮ್ಮು.

ಅವನು ಡಿಕ್ಕಿಯ ಬಳಿ ಮಂಡಿಯೂರಿ, ಕೀಲಿಯ ತೂತಿಗೆ ಬಾಯಿ ಹತ್ತಿರ ತಂದ.

"ಯಜಮಾನ್ರೇ, ನಾನು ಇಂಜಿನಿಯರ್ ಅಲ್ಲ."

"ಏನಂದ್ರಿ? ಬಸ್ ಹಾರ್ನು."

ಅನಂತರಾಜು ಎದ್ದುನಿಂತು, ನೂರು ಜನಕ್ಕೂ ಕೇಳುವ ಹಾಗೆ ಕೂಗಿದ: "ನಾನು ಇಂಜಿನಿಯರ್ ಅಲ್ಲ! ಕಾರ್ ಫ್ಯಾಕ್ಟ್ರೀಲೂ ಇಲ್ಲ! ರಬ್ಬರ್ ಬೀಡಿಂಗ್ ಅಳೆಯೋನು! ನನಗೆ ರಬ್ಬರ್ ಬಿಟ್ಟು ಏನೂ ಗೊತ್ತಿಲ್ಲ!"

ಬಸ್ಸಿನ ಹಾರ್ನ್ ಕೂಡ ನಿಂತಿತು. ರಾಮಲಿಂಗಯ್ಯ ರಸ್ತೆಯ ಮಧ್ಯದಲ್ಲೇ ಕುಕ್ಕರಗಾಲಲ್ಲಿ ಕೂತರು. ಡಿಕ್ಕಿ ಬಹಳ ಹೊತ್ತು ಯೋಚಿಸಿತು.

"ಈ ಡಿಕ್ಕಿ ರಬ್ಬರ್ ಯಾರು ಹಾಕಿದ್ದು?"

"ನಾನೇ."

"ಯಾವ ಗಾಡೀದು?"

"ವ್ಯಾನಿನ ಬಾಗಿಲಿಂದು. ನಾಲ್ಕು ಮಿಲಿಮೀಟರ್ ದಪ್ಪ ಜಾಸ್ತಿ."

ಹೇಳುತ್ತಿದ್ದ ಹಾಗೆಯೇ ಅನಂತರಾಜುವಿನ ಬಾಯಿ ತೆರೆದೇ ಉಳಿಯಿತು. ಎರಡು ತಿಂಗಳಿಂದ ಹೊಳೆಯದ್ದು ಆ ಕ್ಷಣದಲ್ಲಿ ಹೊಳೆಯಿತು. ದಪ್ಪ ರಬ್ಬರ್ ಮುಚ್ಚಳವನ್ನು ಮೇಲಕ್ಕೆ ಒತ್ತಿ ಹಿಡಿದಿದೆ. ಮುಚ್ಚಳ ಪೂರ್ತಿ ಕೆಳಗಿಳಿದು ದೀಪದ ಸ್ವಿಚ್ಚನ್ನು ಒತ್ತುತ್ತಿಲ್ಲ, ಹಾಗಾಗಿ ದೀಪ ಆರುತ್ತಿಲ್ಲ. ಇವತ್ತು ಮಾವನ ಭಾರಕ್ಕೆ ಕೊಂಡಿ ಸಿಕ್ಕಿಕೊಂಡಿತು, ಈಗ ರಬ್ಬರ್ ಅದನ್ನು ಎಳೆದು ಹಿಡಿದಿದೆ, ಹಾಗಾಗಿ ಕೀಲಿ ತಿರುಗುತ್ತಿಲ್ಲ.

"ಯಜಮಾನ್ರೇ, ಒಳಗೆ ಬೆಳಕು ಐತಲ್ಲ? ಬೀಗದ ಎಡಗಡೆ, ಒಂದು ಗೇಣು ದೂರ, ರಬ್ಬರ್ ಜೋಡ್ಸಿರೋ ಗೆರೆ ಕಾಣ್ತದಾ?"

"ಕಾಣ್ತದೆ."

"ಅದಕ್ಕೆ ಉಗುರು ಹಾಕಿ ಕೆಳಕ್ಕೆ ಎಳೀರಿ. ಮೇಲಕ್ಕಲ್ಲ, ಕೆಳಕ್ಕೆ. ಕೊನೆವರೆಗೂ ಎಳೀತಾ ಹೋಗಿ."

ಒಳಗೆ ಏದುಸಿರು, ಸರಪರ ಸದ್ದು, ಮೊಣಕೈ ತಗಡಿಗೆ ಬಡಿದ ಸದ್ದು. ಗೌಸ್ ಕೂಡ ಒರಗುವುದನ್ನು ಬಿಟ್ಟು ಕಿವಿಗೊಟ್ಟರು. ಮುಚ್ಚಳ ಒಂದು ಎಳೆಯಷ್ಟು ಕೆಳಗಿಳಿಯಿತು.

"ಆರೋಯ್ತು!" ಎಂದರು ದೊಡ್ಡಹನುಮಯ್ಯ ಹರ್ಷದಿಂದ. "ಪೂರ್ತಿ ಕತ್ತಲು! ರುಜುವಾತಾಯ್ತು!"

ಅನಂತರಾಜು ಕೀಲಿ ತಿರುಗಿಸಿದ. ಮುಚ್ಚಳ ತೆರೆಯಿತು. ಮೂವತ್ತೊಂದು ವರ್ಷ ಮೀಟರ್ ಓದಿದ ಮನುಷ್ಯ, ಹನ್ನೆರಡು ಅಡಿ ಕಪ್ಪು ರಬ್ಬರನ್ನು ಕೊರಳಿಗೆ ಸುತ್ತಿಕೊಂಡು, ಬೆವರಿನಲ್ಲಿ ತೊಯ್ದು, ನೂರು ಜನರೆದುರು ಎದ್ದು ಕೂತರು. ಕಿವಿಯ ಮೇಲೆ ಪೆನ್ಸಿಲ್ ಹಾಗೇ ಇತ್ತು.

ರಾಮಲಿಂಗಯ್ಯ ಎದ್ದು ಬಂದು ತಲೆತಗ್ಗಿಸಿದರು. "ತಪ್ಪು ನಂದು. ಅವನು ಯಾವತ್ತೂ ಇಂಜಿನಿಯರ್ ಅಂದಿಲ್ಲ, ನಾನೇ ಮಾಡ್ದೆ. ನೀವು ಸಂಬಂಧ ಬೇಡ ಅಂದ್ರೆ..."

"ಇರ್ರೀ." ದೊಡ್ಡಹನುಮಯ್ಯ ಕೈಯೆತ್ತಿದರು. "ನನ್ ಸರ್ವೀಸಲ್ಲಿ ಇನ್ನೂರ ಹದಿನಾಲ್ಕು ಕಳ್ಳತನ ಹಿಡಿದಿದ್ದೀನಿ. 'ನಂದೇ' ಅಂದೋನು ಒಬ್ನೂ ಇಲ್ಲ. ಇಲಿ ಕಡೀತು ಅಂದೋರು ಅವ್ರೆ, ಸಿಡ್ಲು ಬಡೀತು ಅಂದೋರು ಅವ್ರೆ. ಈ ಹುಡುಗ ನಡುರಸ್ತೇಲಿ ಕೂಗಿ ಒಪ್ಕೊಂಡ. ಸರಿ. ಇನ್ನೇನಾದ್ರೂ ಸುಳ್ಳು ಬಾಕಿ ಇದ್ರೆ ಇಲ್ಲೇ ಹೇಳ್ಬುಡಿ, ಪೊಲೀಸ್ನೋರೂ ಅವ್ರೆ."

ರಾಮಲಿಂಗಯ್ಯ ಗೌಸ್ ಕಡೆ ನೋಡಿದರು. "ಹುಡುಗಿ ಬಿ.ಎ. ಪಾಸ್ ಅಂದಿದ್ವಿ. ಇಂಗ್ಲಿಷ್ ಪೇಪರ್ ಒಂದು ಉಳ್ಕೊಂಡೈತೆ."

ದೊಡ್ಡಹನುಮಯ್ಯ ರಬ್ಬರನ್ನು ಕೊರಳಿನಿಂದ ಒಂದು ಸುತ್ತು ಬಿಡಿಸಿದರು. ಅವರ ಮುಖದಲ್ಲಿ ಏನೋ ಕಷ್ಟ ಕಾಣಿಸಿತು. "ನಮ್ ಹುಡುಗ ಪರ್ಮನೆಂಟ್ ಅಂದಿದ್ವಲ್ಲ," ಎಂದರು ತಗ್ಗಿದ ದನಿಯಲ್ಲಿ. "ಇನ್ನೂ ಆಗಿಲ್ಲ. ದೀಪಾವಳಿಗೆ ಮಾಡ್ತೀವಿ ಅಂದವ್ರೆ."

ಹತ್ತು ಗುಂಟೆಗೆ ಸಂಬಂಧ ಮುರಿದವರ ಬಾಯಿಂದಲೇ ಈ ಮಾತು ಬಂದಿತ್ತು. ಆಗ ಮನೋಹರ್, ಬೆಳಗಿನಿಂದ ಹೆಚ್ಚು ಬಾಯಿ ಬಿಡದಿದ್ದವನು, ಗಂಟಲು ಸರಿಮಾಡಿಕೊಂಡ.

"ಅಪ್ಪ, ಅದು ನವ್ಯಶ್ರೀಗೆ ಗೊತ್ತು. ಇಂಗ್ಲಿಷ್ ಪೇಪರ್ ವಿಷಯ ನನಗೂ ಗೊತ್ತಿತ್ತು. ಭಾವನೋರು ರಬ್ಬರ್ ಅಳೆಯೋದೂ ಗೊತ್ತಿತ್ತು. ನಾವು ದಿನಾ ಫೋನಲ್ಲಿ ಮಾತಾಡ್ತೀವಿ."

"ಯಾವ ಫೋನಲ್ಲಿ?"

"ಮನೆ ಫೋನಲ್ಲಿ. ನೀವು ಮಧ್ಯಾಹ್ನ ಮಲಗಿದ್ಮೇಲೆ, ನನಗೆ ರಜಾ ಇದ್ದಾಗ. ಮಿಕ್ಕ ದಿನ ನವ್ಯಶ್ರೀನೇ ನಮ್ ಫ್ಯಾಕ್ಟ್ರಿಗೆ ಮಾಡ್ತಾರೆ."

ದೊಡ್ಡಹನುಮಯ್ಯ ಡಿಕ್ಕಿಯ ಅಂಚನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. "ಎಷ್ಟು ದಿನದಿಂದ?"

"ಎರಡು ತಿಂಗಳಿಂದ."

"ಅಯ್ಯೋ ನಿನ್ನ! ಯಾರೂ ಬಳಸ್ದೆ ಫೋನ್ ಬಿಲ್ಲು ಏರ್ತಾ ಐತೆ, ನಿಮ್ ಮೀಟರ್ ತಪ್ಪು ಅಂತ ನಾನು ಎಕ್ಸ್‌ಚೇಂಜಿಗೆ ಮೂರು ದೂರು ಬರೆದಿದ್ದೀನಲ್ಲೋ! ಮೇಲಧಿಕಾರಿಗೂ ಒಂದು ಕಾಪಿ ಹಾಕಿದ್ದೀನಲ್ಲೋ!"

ಗೌಸ್ ಆ ದಿನ ಮೊದಲ ಬಾರಿಗೆ ಮನಸಾರೆ ನಕ್ಕರು. ದೊಡ್ಡಹನುಮಯ್ಯನವರು ಮಗನನ್ನು ನೋಡಿದರು, ನಗುತ್ತಿದ್ದ ನೂರು ಜನರನ್ನು ನೋಡಿದರು, ಕೊನೆಗೆ ರಾಮಲಿಂಗಯ್ಯನವರ ಕಡೆ ಕೈ ಚಾಚಿದರು, ಡಿಕ್ಕಿಯಿಂದ ಇಳಿಸಿಕೊಳ್ಳಲೆಂದು.

"ಆಷಾಢಕ್ಕೆ ಮುಂಚೆ ಮಾಡ್ಬುಡಾನ ಬೀಗ್ರೇ," ಎಂದರು. "ಬಿಲ್ಲಾದ್ರೂ ನಿಲ್ಲಲಿ."